ಅಡಿಟಿಪ್ಪಣಿ ಇಲ್ಲದ ಇತಿಹಾಸಕಾರ

1933ರ ಮಾರ್ಚ್ ತಿಂಗಳ ಕೊನೆ. ಬರ್ಲಿನ್‌ನ ಕಾಮರ್‌ಗೆರಿಖ್ಟ್ ಅನ್ನುವ ಹಳೇ ಉಚ್ಚ ನ್ಯಾಯಾಲಯ. ಹಿಂದೆ ಪ್ರಶ್ಯದ ದೊರೆ ಎರಡನೇ ಫ್ರೆಡ್ರಿಕ್ ಹೇಳಿದ ಹಾಗೆ ತೀರ್ಪು ಬದಲಿಸೋದಿಲ್ಲ ಅಂತ ಜೈಲಿಗೆ ಹೋದ ಜಡ್ಜಿಗಳಿದ್ದ ಕೋರ್ಟು ಅದು. ಅದರ ಲೈಬ್ರರಿಯಲ್ಲಿ 25 ವರ್ಷದ ಹುಡುಗನೊಬ್ಬ ಕೇಸಿನ ಕಡತ ಹರಡಿಕೊಂಡು ಕೂತಿದ್ದಾನೆ. ಹೆಸರು ರೈಮುಂಡ್ ಪ್ರೆಟ್ಸೆಲ್. ಕಾನೂನು ಓದಿ ಮುಗಿಸಿ, ಜಡ್ಜಿಗಳ ಕೈಕೆಳಗೆ ತರಬೇತಿ ಪಡೆಯುತ್ತಿರುವವನು.

ಹೊರಗೆ ಕಾರಿಡಾರಿನಲ್ಲಿ ಗದ್ದಲ ಕೇಳಿಸುತ್ತದೆ. ಬೂಟಿನ ಸದ್ದು, ಕೂಗಾಟ, ದಡಾರನೆ ಬಾಗಿಲು ಬಡಿಯುವ ಸದ್ದು. ಹಿಟ್ಲರನ ಕಂದು ಅಂಗಿಯ ಪಡೆ ಬಂದಿದೆ, ಯಹೂದಿಗಳನ್ನು ಹೊರಗೆ ಹಾಕುತ್ತಿದ್ದಾರೆ ಅಂತ ಯಾರೋ ಹೇಳುತ್ತಾರೆ. ಒಂದಿಬ್ಬರು ನಗುತ್ತಾರೆ. ಲೈಬ್ರರಿಯಲ್ಲಿದ್ದ ಯಹೂದಿ ವಕೀಲರು ಪುಸ್ತಕ ಮುಚ್ಚಿಟ್ಟು ಎದ್ದು ಹೋಗುತ್ತಾರೆ. ಆಮೇಲೆ ಕಂದು ಅಂಗಿಯವರು ಒಳಗೆ ಬರುತ್ತಾರೆ. ಒಬ್ಬ ನೇರವಾಗಿ ಈ ಹುಡುಗನ ಮೇಜಿಗೆ ಬಂದು, ನೀನು ಆರ್ಯನಾ ಅಂತ, ಅಂದರೆ ಯಹೂದಿ ಅಲ್ಲ ತಾನೇ ಅಂತ, ಕೇಳುತ್ತಾನೆ. ಯೋಚನೆ ಮಾಡುವ ಮೊದಲೇ ಬಾಯಿಂದ ಉತ್ತರ ಬಂದುಬಿಡುತ್ತದೆ. ಹೌದು. ಬಂದವನು ಇವನ ಮೂಗು ನೋಡಿ ಮುಂದೆ ಹೋಗುತ್ತಾನೆ.

ಅಷ್ಟೇ ಆಗಿದ್ದು. ಯಾರೂ ಹೊಡೆಯಲಿಲ್ಲ, ಯಾರೂ ಹಿಡಿದುಕೊಂಡು ಹೋಗಲಿಲ್ಲ. ಹುಡುಗ ಹೇಳಿದ್ದು ಸುಳ್ಳೂ ಅಲ್ಲ. ಆದರೆ ಅವನ ಮುಖಕ್ಕೆ ರಕ್ತ ನುಗ್ಗುತ್ತದೆ. ಪಕ್ಕದಲ್ಲಿದ್ದವರನ್ನು ಎಬ್ಬಿಸಿ ಓಡಿಸಿದ ಮನುಷ್ಯನಿಗೆ, ತನಗೆ ತೊಂದರೆ ಆಗದಿರಲಿ ಅಂತ ವಿಧೇಯನಾಗಿ ಉತ್ತರ ಕೊಟ್ಟೆನಲ್ಲ, ಮೊದಲ ಪರೀಕ್ಷೆಯಲ್ಲೇ ಫೇಲಾದೆನಲ್ಲ ಅಂತ ತನಗೆ ತಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಈ ಹುಡುಗ ಮುಂದೆ ಸೆಬಾಸ್ಟಿಯನ್ ಹಾಫ್ನರ್ ಅನ್ನುವ ಹೆಸರಿನಲ್ಲಿ ಜರ್ಮನಿಯ ಹೆಸರಾಂತ ಪತ್ರಕರ್ತನಾದ, ಇತಿಹಾಸಕಾರನಾದ. 1907ರ ಡಿಸೆಂಬರ್ 27ಕ್ಕೆ ಹುಟ್ಟಿ 1999ರ ಜನವರಿ 2ಕ್ಕೆ ತೀರಿಕೊಂಡ. ಹುಟ್ಟಿದ್ದೂ ಸತ್ತಿದ್ದೂ ಬರ್ಲಿನ್‌ನಲ್ಲೇ. ನಡುವೆ 16 ವರ್ಷ ಇಂಗ್ಲೆಂಡಿನಲ್ಲಿದ್ದ.

ಹಿಟ್ಲರ್ ಕಾಲದ ಬಗ್ಗೆ ನಾವು ಓದುವ ಆತ್ಮಕಥೆಗಳಲ್ಲಿ ಜಾಸ್ತಿ ಎರಡು ಥರದವು. ಒಂದು, ನರಕ ಕಂಡು ಬದುಕಿ ಬಂದವರದ್ದು. ಇನ್ನೊಂದು, ಅಧಿಕಾರದಲ್ಲಿದ್ದು ಆಮೇಲೆ ನಮಗೇನೂ ಗೊತ್ತಿರಲಿಲ್ಲ ಅಂದವರದ್ದು. ಹಾಫ್ನರ್ ಎರಡೂ ಅಲ್ಲ. ಅವನು ಸುಮ್ನೆ ಅಲ್ಲಿದ್ದವನು. ಕೋರ್ಟಿಗೆ ಹೋಗುತ್ತಿದ್ದ, ಗೆಳತಿಯರ ಜೊತೆ ಓಡಾಡುತ್ತಿದ್ದ, ಪರೀಕ್ಷೆಗೆ ಓದುತ್ತಿದ್ದ. ಅಂಥವನ ಮನೆಯೊಳಗೆ, ಊಟದ ಮೇಜಿಗೆ, ಹೊಟ್ಟೆಯೊಳಗೆ ಸರ್ಕಾರ ಹೇಗೆ ಬಂದು ಕೂತುಕೊಳ್ಳುತ್ತದೆ ಅನ್ನುವುದನ್ನು ಅವನ ಹಾಗೆ ಬರೆದವರನ್ನು ನಾನು ಓದಿಲ್ಲ. ಅದನ್ನೆಲ್ಲ ಅವನು ಬರೆದದ್ದು 1939ರಲ್ಲಿ, ಇಂಗ್ಲೆಂಡಿನಲ್ಲಿ ಕೂತು, ಕೈಯಲ್ಲಿ ಕಾಸಿಲ್ಲದಾಗ. ಅದು ಅಚ್ಚಾಗಿದ್ದು ಅವನು ಸತ್ತ ಮೇಲೆ, 2000ದಲ್ಲಿ. ಜರ್ಮನ್ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಒಬ್ಬ ಜರ್ಮನನ ಕಥೆ’. ಇಂಗ್ಲಿಷಿನಲ್ಲಿ ‘ಡಿಫೈಯಿಂಗ್ ಹಿಟ್ಲರ್’ ಅಂತ ಬಂತು. ಆ ಇಂಗ್ಲಿಷ್ ಹೆಸರು ನನಗೆ ಒಂಚೂರೂ ಹಿಡಿಸಲಿಲ್ಲ. ಇಡೀ ಪುಸ್ತಕ ಇರುವುದೇ ಎದುರು ನಿಲ್ಲಲು ಆಗದೇ ಹೋದದ್ದರ ಬಗ್ಗೆ. ಅದಕ್ಕೆ ಹೋಗಿ ಹಿಟ್ಲರನಿಗೆ ಸೆಡ್ಡು ಹೊಡೆದವನು ಅನ್ನುವ ಹೆಸರು!

ಮೊದಲ ಮಹಾಯುದ್ಧ ಶುರುವಾದಾಗ ಅವನಿಗೆ ಇನ್ನೂ ಏಳು ತುಂಬಿರಲಿಲ್ಲ. ಅಪ್ಪ ಬರ್ಲಿನ್‌ನಲ್ಲಿ ಶಾಲೆಯ ಹೆಡ್ಮಾಸ್ಟರ್, ಉದಾರ ಮನಸ್ಸಿನವನು, ಪುಸ್ತಕದ ಹುಳು. ಆದರೆ ಮಗನಿಗೆ ಯುದ್ಧದ ಹುಚ್ಚು. ಪೊಲೀಸ್ ಠಾಣೆಯ ಹೊರಗೆ ಒಂದು ಕಪ್ಪು ಹಲಗೆ. ದಿನಾ ಅಲ್ಲಿ ಸೇನೆಯ ಪ್ರಕಟಣೆ ಅಂಟಿಸುತ್ತಿದ್ದರು. ಎಷ್ಟು ಜನ ಸೆರೆ ಸಿಕ್ಕರು, ಯಾವ ಕೋಟೆ ಬಿತ್ತು, ಎಷ್ಟು ತೋಪು ವಶವಾಯಿತು. ನಮ್ಮ ಮಕ್ಕಳು ಕ್ರಿಕೆಟ್ ಸ್ಕೋರು ನೋಡುವ ಹಾಗೆ ಈ ಹುಡುಗ ಅದನ್ನು ನೋಡುತ್ತಿದ್ದ. ನಾಲ್ಕು ವರ್ಷ ಬರೀ ಗೆಲುವು. 1918ರ ನವೆಂಬರಿನಲ್ಲಿ ಒಂದು ದಿನ ಹೋದರೆ ಹಲಗೆ ಖಾಲಿ. ಯುದ್ಧ ಸೋತು ಮುಗಿದಿತ್ತು.

ಇಲ್ಲಿಂದ ಹಾಫ್ನರ್ ಒಂದು ವಾದ ಹೂಡುತ್ತಾನೆ. ನಾತ್ಸಿಗಳ, ಅಂದರೆ ಹಿಟ್ಲರನ ಪಕ್ಷದವರ, ಬೇರು ಇರುವುದು ಕಂದಕದಲ್ಲಿ ಕಾದಾಡಿದ ಸೈನಿಕರಲ್ಲಿ ಅಲ್ಲ. ಅವರಿಗೆ ಯುದ್ಧ ಅಂದರೇನು ಅಂತ ಗೊತ್ತಿತ್ತು. ಬೇರು ಇರುವುದು ಮನೆಯಲ್ಲಿ ಕೂತು ಯುದ್ಧವನ್ನು ಆಟದ ಹಾಗೆ ಅನುಭವಿಸಿದ ಶಾಲಾ ಹುಡುಗರಲ್ಲಿ, 1900ರಿಂದ 1910ರ ಒಳಗೆ ಹುಟ್ಟಿದವರಲ್ಲಿ. ಅಂದರೆ ತನ್ನ ವಾರಗೆಯವರಲ್ಲೇ. ಇದನ್ನು ಅಂಕಿ ಸಂಖ್ಯೆ ಇಟ್ಟು ಸಾಬೀತು ಮಾಡುವ ಗೋಜಿಗೆ ಅವನು ಹೋಗುವುದಿಲ್ಲ. ಆ ಹಲಗೆ ಮುಂದೆ ನಾನೂ ನಿಂತಿದ್ದೆ, ನನಗೆ ಗೊತ್ತು ಅನ್ನುವ ಧಾಟಿ. ಪ್ರೊಫೆಸರುಗಳಿಗೆ ಅವನ ಮೇಲೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ ಇರಬೇಕು.

1923ರ ಹಣದುಬ್ಬರದ ಬಗ್ಗೆ ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ತಳ್ಳುಗಾಡಿಯಲ್ಲಿ ನೋಟಿನ ಕಟ್ಟು ತುಂಬಿಕೊಂಡು ಹೋಗುವ ಚಿತ್ರ ಇರುತ್ತಲ್ಲ, ಅದು. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಈ ಸಂಖ್ಯೆ ಓದಿದರೆ ತಲೆಗೆ ಏನೂ ಹೋಗುವುದಿಲ್ಲ. ಹಾಫ್ನರ್ ಹೇಳುವುದು ತನ್ನ ಮನೆಯಲ್ಲಿ ಸಂಬಳದ ದಿನ ಏನಾಗುತ್ತಿತ್ತು ಅಂತ.

ಅಪ್ಪನಿಗೆ ತಿಂಗಳ ಸಂಬಳ. ಅದು ಕೈಗೆ ಬಂದ ಗಳಿಗೆಯಿಂದ ಕರಗಲು ಶುರು. ಹಾಗಾಗಿ ಅಪ್ಪ ಮೊದಲು ಓಡಿ ಹೋಗಿ ಮೆಟ್ರೋ ರೈಲಿನ ತಿಂಗಳ ಪಾಸು ಕೊಳ್ಳುತ್ತಿದ್ದ. ಮುಂದಿನ ತಿಂಗಳು ಕೆಲಸಕ್ಕೆ ಹೋಗಿ ಬರುವುದಕ್ಕಾದರೂ ಒಂದು ದಾರಿ ಆಯಿತಲ್ಲ. ಆಮೇಲೆ ಬಾಡಿಗೆ, ಶಾಲೆ ಫೀಸು. ಮಧ್ಯಾಹ್ನ ಮನೆಮಂದಿಯೆಲ್ಲ ಹೋಗಿ ಕೂದಲು ಕತ್ತರಿಸಿಕೊಂಡು ಬರುತ್ತಿದ್ದರು. ಮಿಕ್ಕಿದ ಹಣ ಅಮ್ಮನ ಕೈಗೆ. ಮರುದಿನ ಬೆಳಗಿನ ಜಾವ ನಾಲ್ಕೈದು ಗಂಟೆಗೇ ಎದ್ದು, ಅಪ್ಪ ಒಬ್ಬನನ್ನು ಬಿಟ್ಟು ಎಲ್ಲರೂ ಟ್ಯಾಕ್ಸಿ ಹತ್ತಿ ಸಗಟು ಮಾರುಕಟ್ಟೆಗೆ. ಒಂದು ಗಂಟೆಯೊಳಗೆ ಇಡೀ ತಿಂಗಳ ಸಂಬಳ ಖರ್ಚು. ದೊಡ್ಡ ದೊಡ್ಡ ಚೀಸ್ ಗಡ್ಡೆ, ಉಪ್ಪು ಹಾಕಿದ ಮಾಂಸ, ಮೂಟೆಗಟ್ಟಲೆ ಆಲೂಗಡ್ಡೆ, ಕೆಡದೇ ಇರುವ ಪದಾರ್ಥ ಏನು ಸಿಕ್ಕರೆ ಅದು. ಟ್ಯಾಕ್ಸಿಯಲ್ಲಿ ಹಿಡಿಸದಿದ್ದರೆ ಕೈಗಾಡಿ. ಎಂಟು ಗಂಟೆಗೆ, ಶಾಲೆ ಶುರುವಾಗುವ ಹೊತ್ತಿಗೆ, ಮನೆಗೆ ವಾಪಸ್. ಅಲ್ಲಿಂದ ಮುಂದಿನ ಸಂಬಳದವರೆಗೆ ಮನೆಯಲ್ಲಿ ಬಿಡಿಗಾಸೂ ಇಲ್ಲ. ಒಬ್ಬ ಬೇಕರಿಯವನು ಬ್ರೆಡ್ಡು ಸಾಲ ಕೊಡುತ್ತಿದ್ದ, ಅದೇ ಪುಣ್ಯ.

ಅದೇ ಸಮಯದಲ್ಲಿ ಷೇರು ಆಡುತ್ತಿದ್ದ ಇಪ್ಪತ್ತರ ಹುಡುಗರು ರಾತ್ರೋರಾತ್ರಿ ಸಿರಿವಂತರಾಗಿ ಮುದುಕರನ್ನು ಸಾಕುತ್ತಿದ್ದರಂತೆ. ಹಿರಿಯರ ಉಳಿತಾಯ, ಅನುಭವ, ಬುದ್ಧಿಮಾತು ಯಾವುದಕ್ಕೂ ಬೆಲೆ ಇಲ್ಲ. ಹತ್ತು ವರ್ಷ ಬಿಟ್ಟು ಆ ದೇಶ ಯಾವ ಹುಚ್ಚಿಗೂ ತಯಾರಾಗಿ ಯಾಕೆ ನಿಂತಿತ್ತು ಅನ್ನುವುದು ಈ ಕೆಲವು ಪುಟ ಓದಿದರೆ ಗೊತ್ತಾಗುತ್ತದೆ.

ಆ ಅಪ್ಪನ ಕಥೆ ಇನ್ನೂ ಇದೆ. 1933ರಲ್ಲಿ ಅವನು ನಿವೃತ್ತ. ಹೊಸ ಸರ್ಕಾರದಿಂದ ಒಂದು ಫಾರಂ ಬರುತ್ತದೆ. ಯಾವ ಯಾವ ಪಕ್ಷ, ಸಂಘದಲ್ಲಿದ್ದೆ, ಬರೆ. ಸರ್ಕಾರದ ಹಿಂದೆ ಯಾವ ಸಂಶಯವೂ ಇಲ್ಲದೆ ನಿಂತಿದ್ದೇನೆ ಅಂತ ಸಹಿ ಹಾಕು. ಹಾಕದಿದ್ದರೆ ಪಿಂಚಣಿ ಹೋಗುತ್ತದೆ. ಬದುಕೆಲ್ಲ ಪ್ರಾಮಾಣಿಕವಾಗಿ ಸರ್ಕಾರಿ ಕೆಲಸ ಮಾಡಿದ ಮನುಷ್ಯ. ಆ ಕಾಗದ ಮೇಜಿನ ಮೇಲೆ ದಿನಗಟ್ಟಲೆ ಬಿದ್ದಿರುತ್ತದೆ. ಕೊನೆಗೆ ಒಂದು ದಿನ ಎಲ್ಲ ತುಂಬಿ, ಸಹಿ ಹಾಕಿ, ಮನಸ್ಸು ಬದಲಾಗುವ ಮೊದಲೇ ಹೋಗಿ ಅಂಚೆಗೆ ಹಾಕಿ ಬರುತ್ತಾನೆ. ವಾಪಸ್ ಬಂದು ಕುರ್ಚಿಯಲ್ಲಿ ಕೂತ ಸ್ವಲ್ಪ ಹೊತ್ತಿಗೇ ವಾಂತಿ. ಎರಡು ಮೂರು ದಿನ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆ ಹೊಟ್ಟೆ ಮತ್ತೆ ಸರಿಹೋಗಲೇ ಇಲ್ಲ. ಎರಡು ವರ್ಷದಲ್ಲಿ ಅವನು ತೀರಿಕೊಂಡ. ದೇಹವೇ ಉಪವಾಸ ಮುಷ್ಕರ ಹೂಡಿತು ಅನ್ನುವ ಅರ್ಥದಲ್ಲಿ ಮಗ ಬರೆಯುತ್ತಾನೆ. ಮಗನೂ ಅದೇ ವರ್ಷ ಲೈಬ್ರರಿಯಲ್ಲಿ ಒಂದು ಉತ್ತರ ಕೊಟ್ಟವನು. ಹಾಗಾಗಿ ಅಪ್ಪನನ್ನು ಬೈಯಲು ಅವನಿಗೆ ಬಾಯಿಲ್ಲ.

ಅವನನ್ನೂ ಬಿಡಲಿಲ್ಲ. ಕೊನೆಯ ಪರೀಕ್ಷೆಗೆ ಕೂರಬೇಕಾದರೆ ತರಬೇತಿ ವಕೀಲರೆಲ್ಲ ಯೂಟರ್‌ಬೋಗ್ ಅನ್ನುವ ಊರಿನ ಶಿಬಿರಕ್ಕೆ ಹೋಗಬೇಕು ಅಂತ ಆಯಿತು. ಕಾನೂನಿನ ಪಾಠ ಏನಿಲ್ಲ. ಬೂಟು, ಕವಾಯತು, ಹಾಡು, ತೋಳಿಗೆ ಸ್ವಸ್ತಿಕದ ಪಟ್ಟಿ. ಬರ್ಲಿನ್‌ನಲ್ಲಿದ್ದಾಗ ನಾತ್ಸಿ ಬಾವುಟ ಬೀದಿಯಲ್ಲಿ ಬಂದರೆ ಕೈ ಎತ್ತಿ ಸೆಲ್ಯೂಟ್ ಹೊಡೆಯಬೇಕಿತ್ತು, ಇಲ್ಲದಿದ್ದರೆ ಏಟು. ಇವನು ಯಾವುದಾದರೂ ಮನೆಯ ಬಾಗಿಲೊಳಗೆ ನುಗ್ಗಿ ತಪ್ಪಿಸಿಕೊಳ್ಳುತ್ತಿದ್ದ. ಈಗ ನೋಡಿದರೆ ಬಾವುಟದ ಹಿಂದೆ ಸಾಲಿನಲ್ಲಿ ಹೋಗುತ್ತಿರುವವನು ಇವನೇ, ಹಳ್ಳಿಯ ಜನ ಬಾಗಿಲೊಳಗೆ ನುಗ್ಗುತ್ತಿರುವುದು ಇವನನ್ನು ಕಂಡು. ರೇಡಿಯೋದಲ್ಲಿ ಹಿಟ್ಲರನ ಭಾಷಣ ಮುಗಿದು ರಾಷ್ಟ್ರಗೀತೆ ಬಂದಾಗ ಎಲ್ಲರೂ ಎದ್ದು ನಿಂತು ಕೈ ಚಾಚುತ್ತಾರೆ. ಇವನೂ ಚಾಚುತ್ತಾನೆ. ಯಾಕೆಂದರೆ ಪ್ರತಿಯೊಬ್ಬನೂ ಪಕ್ಕದವನ ಪಾಲಿಗೆ ಗೆಸ್ಟಾಪೊ, ಹಿಟ್ಲರನ ಗುಪ್ತ ಪೊಲೀಸ್.

ಅದಕ್ಕಿಂತ ಅವನನ್ನು ಹೆದರಿಸಿದ್ದು ಇನ್ನೊಂದು. ಶಿಬಿರದಲ್ಲಿ ಅವನು ಖುಷಿಯಾಗಿದ್ದ. ಒಟ್ಟಿಗೆ ಮಲಗುವುದು, ಒಟ್ಟಿಗೆ ಏಳುವುದು, ಕೆಟ್ಟ ಜೋಕು, ಒಬ್ಬರಿಗೊಬ್ಬರು ಆಗುವುದು. ನಾವು ಮೆಚ್ಚುವ ದೋಸ್ತಿ ಇದೇ ಅಲ್ವಾ? ಹಾಫ್ನರ್ ಅದನ್ನು ವಿಷ ಅನ್ನುತ್ತಾನೆ. ಆ ದೋಸ್ತಿಯಲ್ಲಿ ನಾನು ಅನ್ನುವವನು ಇರುವುದಿಲ್ಲ, ನಾವು ಮಾತ್ರ. ತಾನು ಒಬ್ಬನೇ ಉತ್ತರ ಹೇಳಬೇಕು ಅನ್ನುವ ಭಾರ ಇಳಿದುಬಿಡುತ್ತದೆ. ಹಾಸ್ಟೆಲಿನಲ್ಲಿ ರ್‍ಯಾಗಿಂಗ್ ನೋಡಿ ನಕ್ಕವರು, ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಜೊತೆ ಹೆಬ್ಬೆರಳು ಒತ್ತಿದವರು ಈ ಪುಟಗಳನ್ನು ಒಂದು ಸಲ ಓದಬೇಕು.

ಪರೀಕ್ಷೆ ಪಾಸಾದ. ಆದರೆ ಆ ರಾಜ್ಯದಲ್ಲಿ ಜಡ್ಜಾಗುವುದು ಬೇಡ ಅನ್ನಿಸಿತು. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆಯತೊಡಗಿದ, ಅದೂ ಫ್ಯಾಷನ್ ಪತ್ರಿಕೆಗಳಿಗೆ. ರಾಜಕೀಯ ಮುಟ್ಟದೆ ಬದುಕಲು ಅಷ್ಟು ಜಾಗ ಇತ್ತು. ಆಮೇಲೆ ಪ್ರೀತಿಯಾಯಿತು. ಎರಿಕಾ ಕಾನೂನಿನ ಕಣ್ಣಲ್ಲಿ ಯಹೂದಿ. 1935ರ ನ್ಯೂರೆಂಬರ್ ಕಾನೂನುಗಳ ಪ್ರಕಾರ ಇವರ ಮದುವೆ ಅಪರಾಧ. 1938ರಲ್ಲಿ ಬಸುರಿಯಾದ ಎರಿಕಾ ಇಂಗ್ಲೆಂಡಿಗೆ ಹೋದಳು. ಇವನು ಪತ್ರಿಕೆಗೆ ಲೇಖನ ಬರೆಯುವ ನೆಪ ಹಿಡಿದು ಹಿಂದೆಯೇ ಹೋದ. ಅಲ್ಲಿ ಮದುವೆಯಾದರು.

ಊರಿನಲ್ಲಿ ಮನೆಯವರಿದ್ದಾರೆ, ಸ್ವಂತ ಹೆಸರಿನಲ್ಲಿ ಬರೆದರೆ ಅವರಿಗೆ ಕುತ್ತು. ಹೊಸ ಹೆಸರು ಬೇಕಾಯಿತು. ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನಿಂದ ಸೆಬಾಸ್ಟಿಯನ್ ತೆಗೆದುಕೊಂಡ, ಮೋಟ್ಸಾರ್ಟ್‌ನ ಹಾಫ್ನರ್ ಸಿಂಫನಿಯಿಂದ ಹಾಫ್ನರ್. ಜರ್ಮನಿ ಬಿಟ್ಟು ಬರುವಾಗ ಹಿಟ್ಲರನಿಗೆ ಬಿಟ್ಟುಕೊಡದೆ ತಂದದ್ದು ಈ ಸಂಗೀತವೊಂದನ್ನೇ ಅಂತ ನನಗೆ ಅನ್ನಿಸುತ್ತದೆ.

ಯುದ್ಧ ಶುರುವಾದದ್ದೇ ತನ್ನ ಕಥೆಯನ್ನು ಅರ್ಧಕ್ಕೇ ಬಿಟ್ಟ. ಒಬ್ಬ ಮನುಷ್ಯನ ಮನಸ್ಸಿನ ತಳಮಳ ಬರೆದುಕೊಂಡು ಕೂರುವ ಹೊತ್ತಲ್ಲ ಅದು. ಬದಲಿಗೆ ‘ಜರ್ಮನಿ: ಜೆಕಿಲ್ ಅಂಡ್ ಹೈಡ್’ ಬರೆದ. ಒಬ್ಬನೊಳಗೇ ಒಳ್ಳೆಯವನೂ ಕೆಟ್ಟವನೂ ಇರುವ ಹಳೇ ಇಂಗ್ಲಿಷ್ ಕಥೆಯ ಹೆಸರು ಅದು. 1940ರಲ್ಲಿ ಬಂತು. ಬ್ರಿಟಿಷರೇ, ನೀವು ಯಾರ ಜೊತೆ ಯುದ್ಧ ಮಾಡುತ್ತಿದ್ದೀರಿ ಅಂತ ತಿಳಿದುಕೊಳ್ಳಿ ಅನ್ನುವ ಪುಸ್ತಕ. ಹಿಟ್ಲರ್, ಅವನ ಜೊತೆಯ ನಾಯಕರು, ನಾತ್ಸಿಗಳು, ನಿಷ್ಠೆಯ ಜನ, ನಿಷ್ಠೆಯಿಲ್ಲದ ಜನ, ವಿರೋಧಿಗಳು, ದೇಶ ಬಿಟ್ಟವರು ಅಂತ ಒಂದೊಂದೇ ಬಿಡಿಸಿ ಇಟ್ಟ. ಜರ್ಮನರೆಲ್ಲ ನಾತ್ಸಿಗಳು ಅನ್ನುವುದೂ ತಪ್ಪು, ಹಿಟ್ಲರ್ ಒಬ್ಬನದೇ ತಪ್ಪು ಅನ್ನುವುದೂ ತಪ್ಪು. ಹಿಟ್ಲರ್ ಸೋತರೆ ತನ್ನ ಜೀವ ತಾನೇ ತೆಗೆದುಕೊಳ್ಳುವ ಪೈಕಿ ಅಂತಲೂ ಅದರಲ್ಲೇ ಬರೆದ. ಪ್ಯಾರಿಸ್ ಹಿಟ್ಲರನ ಕೈಗೆ ಬಿದ್ದ ವರ್ಷ ಅದು, ನೆನಪಿರಲಿ. ಅದೇ ವರ್ಷ ಬ್ರಿಟನ್ ಸರ್ಕಾರ ಈ ಲೇಖಕನನ್ನೇ ಶತ್ರು ದೇಶದವನು ಅಂತ ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿತ್ತು. ಕಡೆಗೆ ಪುಸ್ತಕವೇ ಅವನನ್ನು ಬಿಡಿಸಿಕೊಂಡು ಬಂತು ಅನ್ನಬಹುದು.

ಆಮೇಲೆ ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆ. ಮುಂದೆ ಅದರ ಸಂಪಾದಕನಾದ ಡೇವಿಡ್ ಆಸ್ಟರ್ ಅಲ್ಲಿ ಜಾರ್ಜ್ ಆರ್ವೆಲ್, ಆರ್ಥರ್ ಕೋಸ್ಲರ್, ಐಸಾಕ್ ಡಾಯ್ಚರ್ ಅಂಥವರನ್ನು ಕಲೆಹಾಕಿದ್ದ. ಹಾಫ್ನರ್‌ಗೆ ಬರೆವಣಿಗೆಯ ಕಸುಬು ಕೈ ಹತ್ತಿದ್ದು ಅಲ್ಲಿ ಅನ್ನಿಸುತ್ತದೆ. ಚಿಕ್ಕ ವಾಕ್ಯ, ನೇರ ಮಾತು, ಮೊದಲ ಸಾಲಿನಲ್ಲೇ ವಿಷಯ. 1948ರಲ್ಲಿ ಬ್ರಿಟಿಷ್ ಪ್ರಜೆಯಾದ. 1954ರಲ್ಲಿ ಅದೇ ಪತ್ರಿಕೆಯ ವರದಿಗಾರನಾಗಿ ಬರ್ಲಿನ್ನಿಗೆ ಮರಳಿದ.

ಇನ್ನು ಮುಂದಿನ ಇಪ್ಪತ್ತು ವರ್ಷ ಅವನು ಯಾರ ಕೈಗೂ ಸಿಗಲಿಲ್ಲ. 50ರ ದಶಕದಲ್ಲಿ ಕಡು ಸೋವಿಯತ್ ವಿರೋಧಿ. 1961ರಲ್ಲಿ, ಬರ್ಲಿನ್ ಗೋಡೆ ಎದ್ದ ವರ್ಷ, ಬರ್ಲಿನ್ ಬಿಕ್ಕಟ್ಟಿನ ವಿಷಯದಲ್ಲಿ ಮನಸ್ತಾಪವಾಗಿ ಅಬ್ಸರ್ವರ್ ಬಿಟ್ಟ. ಬಲಪಂಥದ ‘ಡೀ ವೆಲ್ಟ್’ಗೆ ಬರೆದ. 1962ರ ಅಕ್ಟೋಬರಿನಲ್ಲಿ ಸೇನೆಯ ಬಗ್ಗೆ ಬರೆದದ್ದಕ್ಕೆ ‘ಡೆರ್ ಸ್ಪೀಗಲ್’ ಪತ್ರಿಕೆಯ ಆಫೀಸಿಗೆ ಪೊಲೀಸರು ನುಗ್ಗಿ ಸಂಪಾದಕರನ್ನು ಹಿಡಿದರು. ಹಾಫ್ನರ್ ತಿರುಗಿಬಿದ್ದ. ಇದನ್ನು ಜನ ನುಂಗಿಕೊಂಡರೆ ಪತ್ರಿಕಾ ಸ್ವಾತಂತ್ರ್ಯಕ್ಕೆ, ಕಾನೂನಿನ ಆಳ್ವಿಕೆಗೆ, ಪ್ರಜಾಪ್ರಭುತ್ವಕ್ಕೆ ಕೈಮುಗಿದು ಬಿಡಿ ಎಂದ. ಡೀ ವೆಲ್ಟ್ ಬಿಟ್ಟು ‘ಸ್ಟೆರ್ನ್’ ವಾರಪತ್ರಿಕೆಗೆ ಬಂದ, ಅಲ್ಲಿ 1975ರವರೆಗೆ ಅಂಕಣ ಬರೆದ. 1967ರ ಜೂನ್ 2ರಂದು ಇರಾನಿನ ಶಾ ಬಂದಿದ್ದಾಗ ಪಶ್ಚಿಮ ಬರ್ಲಿನ್‌ನಲ್ಲಿ ಪೊಲೀಸರು ಬೆನ್ನೊ ಓನೆಸೋರ್ಗ್ ಅನ್ನುವ ವಿದ್ಯಾರ್ಥಿಯನ್ನು ಗುಂಡಿಟ್ಟು ಕೊಂದರು. ಊರಿನ ಪತ್ರಿಕೆಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಗಳನ್ನೇ ಬೈದವು. ಅರವತ್ತರ ಹೊಸ್ತಿಲಲ್ಲಿದ್ದ ಹಾಫ್ನರ್ ಪೊಲೀಸರ ಮೇಲೆ ಹರಿಹಾಯ್ದ. ಎಡಪಂಥದವರು ಇವನು ನಮ್ಮವನು ಅಂದುಕೊಂಡರು. ಅವರಲ್ಲಿ ಕೆಲವರು ಬಾಂಬು, ಬಂದೂಕು ಶುರು ಮಾಡಿದಾಗ ಅವರ ಜೊತೆಗೂ ಅವನು ನಿಲ್ಲಲಿಲ್ಲ.

ಅವಕಾಶವಾದಿ ಅಂತ ಬೈದವರು ಕಮ್ಮಿ ಇಲ್ಲ. ನನಗೆ ಹಾಗೆ ಕಾಣುವುದಿಲ್ಲ. ನಿಲುವು ಬದಲಿಸಿದಾಗಲೆಲ್ಲ ಅವನು ಕಳೆದುಕೊಂಡದ್ದೇ ಜಾಸ್ತಿ. ಆದರೆ ಒಂದು ದೌರ್ಬಲ್ಯ ನಿಜ. ಇವತ್ತು ನಂಬಿದ್ದನ್ನು ಇವತ್ತೇ ಪೂರ್ತಿ ದನಿಯಲ್ಲಿ ಹೇಳುವ ಚಟ. 1969ರಲ್ಲಿ ಬಂದ ಅವನ ಪುಸ್ತಕ ಜರ್ಮನಿಯ ದೊರೆಯನ್ನು ಇಳಿಸಿದ 1918ರ ಕ್ರಾಂತಿಗೆ ಸೋಷಿಯಲ್ ಡೆಮಾಕ್ರಾಟ್ ಪಕ್ಷ ಮತ್ತು ಅದರ ನಾಯಕ ಎಬರ್ಟ್ ಮೋಸ ಮಾಡಿದರು ಅನ್ನುತ್ತದೆ. ಬಿಸಿಬಿಸಿಯಾಗಿ ಓದಿಸಿಕೊಳ್ಳುತ್ತದೆ. ಆದರೆ ಎಬರ್ಟ್‌ಗೆ ಆಗ ಬೇರೆ ದಾರಿ ಎಷ್ಟು ಇತ್ತು ಅನ್ನುವ ಪ್ರಶ್ನೆಗೆ ಅಲ್ಲಿ ತಾಳ್ಮೆಯಿಲ್ಲ. ಜರ್ಮನರಿಗೆ ಖಾಸಗಿ ಬದುಕಿನ ಸುಖವೇ ಗೊತ್ತಿಲ್ಲ ಅನ್ನುವಂಥ ಅವನ ಮಾತುಗಳನ್ನೂ ನಾನು ಪಕ್ಕಕ್ಕಿಟ್ಟು ಓದುತ್ತೇನೆ.

1978ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವನ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕ ಬಂತು. ‘ಹಿಟ್ಲರ್ ಬಗ್ಗೆ ಟಿಪ್ಪಣಿಗಳು’. ಐದು ವರ್ಷ ಹಿಂದಷ್ಟೇ ಯೋವಾಖಿಮ್ ಫೆಸ್ಟ್ ಬರೆದ ಹಿಟ್ಲರ್ ಜೀವನಚರಿತ್ರೆ ಬಂದಿತ್ತು, ಸಾವಿರ ಪುಟ ದಾಟಿದ್ದು. ಹಾಫ್ನರ್‌ದು ಸುಮಾರು ಇನ್ನೂರು ಪುಟ. ಅಡಿಟಿಪ್ಪಣಿ ಒಂದೂ ಇಲ್ಲ. ಏಳು ಅಧ್ಯಾಯ: ಬದುಕು, ಸಾಧನೆ, ಯಶಸ್ಸು, ತಪ್ಪು ತಿಳುವಳಿಕೆ, ತಪ್ಪು ಹೆಜ್ಜೆ, ಅಪರಾಧ, ದ್ರೋಹ.

ಹಿಟ್ಲರನ ಸಾಧನೆ ಅಂತ ಒಂದು ಅಧ್ಯಾಯ ನೋಡಿದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ. ನನಗೂ ಆಯಿತು. ಹಾಫ್ನರ್ ಬೇಕಂತಲೇ ಹಾಗೆ ಮಾಡಿದ. 1933ರಲ್ಲಿ 60 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ, ಮೂರೇ ವರ್ಷಕ್ಕೆ ಕೆಲಸ ಸಿಕ್ಕಿತ್ತು. ಹಿಟ್ಲರನಿಗೆ ಓಟು ಹಾಕದೇ ಇದ್ದವರೂ ಆಗ ಅವನ ಕಡೆ ವಾಲಿದರು. ಇದನ್ನು ಒಪ್ಪಿಕೊಳ್ಳದೆ ಜನ ಯಾಕೆ ಹಿಂದೆ ಹೋದರು ಅಂತ ಹೇಳಲು ಆಗುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಅದೇ ಯಶಸ್ಸಿನ ಗಾಳಿ ತೆಗೆಯುತ್ತಾನೆ. ಹಿಟ್ಲರ್ ಬೀಳಿಸಿದ್ದೆಲ್ಲ ಮೊದಲೇ ಬೀಳುವುದಕ್ಕೆ ತಯಾರಾಗಿದ್ದನ್ನು. ಗಟ್ಟಿ ಎದುರಾಳಿ ಸಿಕ್ಕ ಮೇಲೆ ಅವನು ಗೆಲ್ಲಲೇ ಇಲ್ಲ.

ಕೊನೆಯ ಅಧ್ಯಾಯದಲ್ಲಿ ಅವನು ಹೇಳುವುದು ಹಿಟ್ಲರ್ ಜರ್ಮನಿಗೇ ದ್ರೋಹ ಮಾಡಿದ ಅಂತ. 1944ರ ಡಿಸೆಂಬರಿನಲ್ಲಿ ರಷ್ಯನ್ನರು ಪೂರ್ವದ ಬಾಗಿಲಲ್ಲಿದ್ದರೂ ಉಳಿದ ಸೇನೆಯನ್ನು ಪಶ್ಚಿಮದಲ್ಲಿ ಆರ್ಡೆನ್ ಕಾಡಿಗೆ ನುಗ್ಗಿಸಿದ. 1945ರ ಮಾರ್ಚ್ 19ಕ್ಕೆ ಸ್ವಂತ ದೇಶದ ಸೇತುವೆ, ಕಾರ್ಖಾನೆ, ವಿದ್ಯುತ್ತು ಎಲ್ಲ ನಾಶ ಮಾಡಿ ಅಂತ ಆದೇಶ ಕೊಟ್ಟ. ಸೋತ ಜನ ಬದುಕಲು ಲಾಯಕ್ಕಿಲ್ಲ ಅನ್ನುವುದು ಅವನ ಲೆಕ್ಕ. ಹಿಟ್ಲರನನ್ನು ಒಳಗೊಳಗೇ ಮೆಚ್ಚುತ್ತಿದ್ದ ಹಳೇ ತಲೆಮಾರಿನ ಜರ್ಮನರಿಗೆ ಇದಕ್ಕಿಂತ ದೊಡ್ಡ ಏಟು ಯಾವುದಿರುತ್ತದೆ? ಯಹೂದಿಗಳಿಗೆ ಏನು ಮಾಡಿದ ಅನ್ನುವುದಕ್ಕೆ ಕಿವಿ ಮುಚ್ಚಿಕೊಂಡವರೂ ನಿಮಗೆ ಏನು ಮಾಡಿದ ನೋಡಿ ಅಂದರೆ ಕೇಳಲೇಬೇಕಾಯಿತು. ಇಪ್ಪತ್ತು ವರ್ಷ ಅಂಕಣ ಬರೆದವನಿಗೆ ಓದುಗ ಎಲ್ಲಿ ತಪ್ಪಿಸಿಕೊಳ್ಳುತ್ತಾನೆ ಅಂತ ಗೊತ್ತಿರುತ್ತದೆ.

ಅವನು ಸತ್ತ ಮೇಲೆ ಮೇಜಿನ ಡ್ರಾಯರಿನಲ್ಲಿ 1939ರ ಆ ಅರ್ಧ ಬರೆದ ಹಸ್ತಪ್ರತಿ ಸಿಕ್ಕಿತು. ಮಗ ಆಲಿವರ್ ಪ್ರೆಟ್ಸೆಲ್ ಅದನ್ನು ಹೊರತಂದ. ಪ್ರತಿಗಳು ಬಿಸಿ ದೋಸೆಯಂತೆ ಖರ್ಚಾದವು. ಬೆನ್ನಿಗೇ ತಕರಾರೂ ಬಂತು. 1939ರಲ್ಲಿ ಯಾರಿಗೂ ಇಷ್ಟು ಸ್ಪಷ್ಟವಾಗಿ ಗೊತ್ತಾಗಲು ಸಾಧ್ಯವಿಲ್ಲ, ಇದನ್ನು ಯುದ್ಧ ಮುಗಿದ ಮೇಲೆ ತಿದ್ದಿ ಬರೆದಿದ್ದಾನೆ ಅಂತ ಕೆಲವು ವಿದ್ವಾಂಸರು ಆರೋಪಿಸಿದರು. ವಿಷಯ ಜರ್ಮನಿಯ ಕೇಂದ್ರ ಅಪರಾಧ ತನಿಖಾ ಪೊಲೀಸರ ಲ್ಯಾಬಿನವರೆಗೂ ಹೋಯಿತು. ಕಾಗದ ಪರೀಕ್ಷೆ ಮಾಡಿ, ಆ ಕಾಲದ್ದೇ ಅಂದರು. ನಿಮಗೂ ಗೊತ್ತಿತ್ತು, ಗೊತ್ತಾಗುವ ಹಾಗಿತ್ತು ಅಂತ ಒಂದು ಪುಸ್ತಕ ಹೇಳಿದರೆ ಅದು ನಕಲಿ ಇರಬೇಕು ಅನ್ನಿಸುವುದು ಸಹಜವೇ. ನಕಲಿಯಾದರೆ ಎಲ್ಲರಿಗೂ ಅನುಕೂಲ.

2025ರಲ್ಲಿ ಇನ್ನೊಂದು ಹಸ್ತಪ್ರತಿ ಪುಸ್ತಕವಾಯಿತು. ‘ವಿದಾಯ’ ಅನ್ನುವ ಅರ್ಥದ ಹೆಸರಿನ ಸಣ್ಣ ಕಾದಂಬರಿ. ಹಿಟ್ಲರ್ ಗದ್ದುಗೆಗೆ ಬರುವ ಕೆಲವೇ ತಿಂಗಳ ಹಿಂದೆ, 1932ರಲ್ಲಿ, ಬರೆದದ್ದು. ಪ್ಯಾರಿಸ್‌ನಲ್ಲಿ ಒಬ್ಬ ಬರ್ಲಿನ್ ಹುಡುಗ ತಾನು ಪ್ರೀತಿಸುವ ಹುಡುಗಿಯ ಜೊತೆ ಕೊನೆಯ ದಿನ ಕಳೆಯುತ್ತಾನೆ, ಆಮೇಲೆ ರೈಲು ಹಿಡಿಯಬೇಕು. ಕಥೆ ಅಷ್ಟೇ, ರಾಜಕೀಯ ಇಲ್ಲ ಅನ್ನುವಷ್ಟು ಕಮ್ಮಿ. ಇಷ್ಟೆಲ್ಲ ಮುಂಗಂಡವನು ಅಂತ ನಾವು ಹೊಗಳುವ ಮನುಷ್ಯ ಆ ಶರತ್ಕಾಲದಲ್ಲಿ ತಲೆ ಕೆಡಿಸಿಕೊಂಡಿದ್ದು ರೈಲಿಗೆ ಇನ್ನು ಎಷ್ಟು ಹೊತ್ತಿದೆ ಅಂತ. ಜರ್ಮನಿಯಲ್ಲಿ ಅದೂ ಚೆನ್ನಾಗಿಯೇ ಮಾರಾಟವಾಯಿತು.